ನೆಲದ ದೀಪಗಳನ್ನು ಅರಸಿದ ವೈಮಾನಿಕ

ಇರುಳಿನಲ್ಲಿ ವಿಮಾನವೊಂದು ನಮ್ಮ ನಗರದ ಮೇಲೆ ಮೆಲ್ಲನೆ ಇಳಿಯುತ್ತ ಸಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದು ಕ್ಷೇಮವಾಗಿ ನೆಲ ಮುಟ್ಟುವುದೆಂಬ ನಂಬಿಕೆ ನಮಗೆ ಎಷ್ಟಿದೆಯೆಂದರೆ, ಎರಡನೆಯ ಬಾರಿ ನಾವು ತಲೆಯೆತ್ತಿ ನೋಡುವುದೂ ಇಲ್ಲ. ಈ ನಂಬಿಕೆಯು ಸುಲಭವಾಗಿ ದೊರೆತುದಲ್ಲ. ಸುಮಾರು ನೂರು ವರ್ಷಗಳ ಹಿಂದೆ ಕತ್ತಲಲ್ಲಿ ಹಾರುವುದೆಂದರೆ ಪ್ರಾಣವನ್ನೇ ಪಣವಾಗಿಡುವುದಾಗಿತ್ತು. ಹಾಗೆ ಹಾರಿದ ಧೀರರಲ್ಲಿ ಒಬ್ಬನು, ಪುಟ್ಟ ರಾಜಕುಮಾರನ ಕಥೆಯನ್ನು ಬರೆದು ಲೋಕದ ಮಕ್ಕಳಿಗೆಲ್ಲ ಪ್ರಿಯನಾದ ಆಂತ್ವಾನ್ ದ ಸೇಂಟ್ ಎಕ್ಸುಪೆರಿ.

ಎಕ್ಸುಪೆರಿಯು 1900ನೆಯ ಇಸವಿ ಜೂನ್ 29ರಂದು ಫ್ರಾನ್ಸಿನ ಲಿಯಾನ್ ನಗರದಲ್ಲಿ ಜನಿಸಿದನು. ನಾಲ್ಕು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡು ತಾಯಿಯ ಆರೈಕೆಯಲ್ಲಿ ಬೆಳೆದನು. 1912ರಲ್ಲಿ, ಇನ್ನೂ ಬಾಲಕನಾಗಿರುವಾಗಲೇ, ಮೊದಲ ಬಾರಿಗೆ ವಿಮಾನವೇರಿದನು. 1921ರಲ್ಲಿ ಸೈನ್ಯವನ್ನು ಸೇರಿ ವಿಮಾನ ನಡೆಸುವುದನ್ನು ಕಲಿತನು. 1923ರಲ್ಲಿ ವಿಮಾನ ಬಿದ್ದು ತಲೆಗೆ ಬಲವಾದ ಪೆಟ್ಟಾಯಿತು. ಆದರೂ ಆಕಾಶದ ಸೆಳೆತ ಅಳಿಯಲಿಲ್ಲ. 1926ರಲ್ಲಿ ತುಲೂಸ್ ನಗರದ ಲಾತೆಕೊಯೆರ್ ಕಂಪನಿಯಲ್ಲಿ ಅಂಚೆಯ ವೈಮಾನಿಕನಾದನು. ಮರುವರ್ಷವೇ ಸಹಾರಾ ಮರುಭೂಮಿಯ ಕಡಲಂಚಿನಲ್ಲಿದ್ದ ಕೇಪ್ ಜುಬಿ ಎಂಬ ಒಂಟಿ ನಿಲ್ದಾಣಕ್ಕೆ ಮುಖ್ಯಸ್ಥನಾಗಿ ಹೋದನು.

ಈ ಮಾರ್ಗದಲ್ಲಿ ಕಳೆದ ಒಂದು ರಾತ್ರಿಯನ್ನು ಆತನು 1939ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ನಿಸ್ತಂತುವನ್ನು ನೋಡಿಕೊಳ್ಳುತ್ತಿದ್ದ ನೇರಿ ಎಂಬ ಸಂಗಾತಿಯೊಡನೆ ಆತನು ಸಿಸ್ನೆರೋಸ್ ನಿಲ್ದಾಣವನ್ನು ಹುಡುಕುತ್ತಿದ್ದನು. ಕೆಳಗೆ ಮಂಜು ಕವಿದಿತ್ತು. ಕೆಳಗಿರುವುದು ನೆಲವೋ ಕಡಲೋ ತಿಳಿಯದು. ದಿಗಂತದಲ್ಲಿ ಬೆಳಕಿನ ಚುಕ್ಕೆಯೊಂದು ಕಂಡಾಗಲೆಲ್ಲ ನಿಲ್ದಾಣದ ದೀಪವೆಂದು ಅತ್ತ ತಿರುಗುವರು, ಅದು ನಕ್ಷತ್ರವಾಗಿರುವುದು. ಕೊನೆಗೆ ನಿಲ್ದಾಣದ ದೀಪವನ್ನು ಮೂರು ಬಾರಿ ಆರಿಸಿ ಹೊತ್ತಿಸುವಂತೆ ನಿಸ್ತಂತುವಿನ ಮೂಲಕ ಕೇಳಿಕೊಂಡರು. ಅವರ ಕಣ್ಣಮುಂದಿನ ಬೆಳಕು ಮಿಟುಕಲಿಲ್ಲ. ಅದೂ ನಕ್ಷತ್ರವೇ! ಆ ರಾತ್ರಿ ಅವರಿಬ್ಬರೂ ಹೇಗೋ ಬದುಕಿ ಉಳಿದರು. ನಕ್ಷತ್ರವು ಎಷ್ಟೇ ಸುಂದರವಾದರೂ ಕರೆದರೆ ಓಗೊಡುವುದಿಲ್ಲ. ಮನುಷ್ಯನು ಹಚ್ಚಿದ ದೀಪವು ಓಗೊಡುತ್ತದೆ. ಈ ಭೇದದಲ್ಲಿಯೇ ವೈಮಾನಿಕನ ಜೀವ ಅಡಗಿದೆ.

ಇಷ್ಟು ಅಪಾಯವಿದ್ದರೂ ರಾತ್ರಿಯಲ್ಲಿ ಏಕೆ ಹಾರಬೇಕಾಗಿತ್ತೆಂದು ನಾವು ಕೇಳಬಹುದು. ಹಗಲಿನಲ್ಲಿ ವಿಮಾನವು ಗಳಿಸಿದ ಮುನ್ನಡೆಯನ್ನು ರೈಲು ಮತ್ತು ಹಡಗುಗಳು ರಾತ್ರಿಯೆಲ್ಲ ಚಲಿಸಿ ಕಸಿದುಕೊಳ್ಳುತ್ತಿದ್ದವು. ಇರುಳಿನಲ್ಲಿ ನಿಂತರೆ ವಿಮಾನದ ಅಂಚೆಗೆ ಉಳಿವಿರಲಿಲ್ಲ. ಆದುದರಿಂದ ದಕ್ಷಿಣ ಅಮೆರಿಕದಲ್ಲಿ ಎಕ್ಸುಪೆರಿಯ ಮಿತ್ರನಾದ ಮೆರ್ಮೋಜ್‌ನು 1928ರಲ್ಲಿಯೇ ರಾತ್ರಿಯ ಹಾರಾಟವನ್ನು ಆರಂಭಿಸಿದ್ದನು. 1929ರ ಅಕ್ಟೋಬರಿನಲ್ಲಿ ಎಕ್ಸುಪೆರಿಯೂ ಬ್ಯೂನಸ್ ಐರಿಸ್ ನಗರಕ್ಕೆ ಬಂದು ಅರ್ಜೆಂಟೀನಾದ ಅಂಚೆ ವಿಮಾನಗಳ ಆಡಳಿತವನ್ನು ವಹಿಸಿಕೊಂಡನು. ಗಾಳಿಯ ಬೀಡಾದ ಪೆಟಗೋನಿಯಾದವರೆಗೆ ಮಾರ್ಗವನ್ನು ತೆರೆದನು. ಆ ಅನುಭವದಿಂದ ಹುಟ್ಟಿದ 'ರಾತ್ರಿಯ ಹಾರಾಟ' ಎಂಬ ಕಾದಂಬರಿಯು 1931ರಲ್ಲಿ ಪ್ರಕಟವಾಗಿ ಫ್ರಾನ್ಸಿನ ಫೆಮಿನಾ ಬಹುಮಾನವನ್ನು ಪಡೆಯಿತು. ಬಿರುಗಾಳಿಗೆ ಸಿಕ್ಕಿ ನೆಲದ ದೀಪಗಳೆಲ್ಲವನ್ನೂ ಕಳೆದುಕೊಂಡ ತರುಣ ವೈಮಾನಿಕನೊಬ್ಬನು ಹಿಂದಿರುಗದೆ ಹೋಗುವುದೇ ಅದರ ಕಥೆ.

ಎಕ್ಸುಪೆರಿಯು ದುಃಖವನ್ನು ಬರೆದು ಸುಮ್ಮನಾಗಲಿಲ್ಲ. ಅಪಾಯಕ್ಕೆ ಉಪಾಯವನ್ನೂ ಹುಡುಕಿದನು. 1934ರಲ್ಲಿ ವಿಮಾನಗಳನ್ನು ಇಳಿಸುವುದಕ್ಕೆ ನೆರವಾಗುವ ಸಾಧನವೊಂದನ್ನು ಕಲ್ಪಿಸಿ ಅದರ ಹಕ್ಕುಪತ್ರಕ್ಕೆ ಅರ್ಜಿ ಸಲ್ಲಿಸಿದನು. ಅದರ ಅಗತ್ಯವೆಷ್ಟೆಂಬುದು ಮರುವರ್ಷವೇ ಆತನಿಗೆ ಸ್ವಾನುಭವದಿಂದ ತಿಳಿಯಿತು. 1935ರ ಡಿಸೆಂಬರ್ 30ರ ರಾತ್ರಿ ಪ್ರೆವೋ ಎಂಬ ಯಂತ್ರಜ್ಞನೊಡನೆ ಲಿಬಿಯಾದ ಮರುಭೂಮಿಯ ಮೇಲೆ ಹಾರುತ್ತಿದ್ದಾಗ, ನೈಲ್ ನದಿ ಸಮೀಪಿಸಿತೆಂದು ನಂಬಿ ಕೆಳಗಿಳಿದನು. ವಿಮಾನದ ಎತ್ತರಮಾಪಕವು ಗಾಳಿಯ ಒತ್ತಡದಿಂದ ಎತ್ತರವನ್ನು ತೋರಿಸುತ್ತದೆ. ಆ ಸ್ಥಳದ ಒತ್ತಡವೆಷ್ಟೆಂದು ತಿಳಿಯದಿದ್ದರೆ ಅದು ಮೋಸಗೊಳಿಸುತ್ತದೆ. ಹೇಳಲು ನಿಸ್ತಂತುವಿಲ್ಲ, ತೋರಲು ದೀಪವಿಲ್ಲ. ಗಂಟೆಗೆ ಸುಮಾರು 270 ಕಿಲೋಮೀಟರ್ ವೇಗದಲ್ಲಿ ವಿಮಾನವು ಮರಳುಗಾಡಿಗೆ ಬಡಿಯಿತು. ಪವಾಡವೆಂಬಂತೆ ಇಬ್ಬರೂ ಬದುಕಿದರು. ದಿನಗಟ್ಟಲೆ ಬಾಯಾರಿ ಅಲೆದ ಮೇಲೆ ಒಬ್ಬ ಬೆದೂಯಿನನು ನೀರು ಕೊಟ್ಟು ಕಾಪಾಡಿದನು.

1943ರಲ್ಲಿ ಪ್ರಕಟವಾದ ಪುಟ್ಟ ರಾಜಕುಮಾರನ ಕಥೆಯಲ್ಲಿ ದೀಪ ಹಚ್ಚುವವನೊಬ್ಬನು ಬರುತ್ತಾನೆ. ರಾಜನನ್ನೂ ವ್ಯಾಪಾರಿಯನ್ನೂ ಮೆಚ್ಚದ ಆ ಬಾಲಕನು ಇವನೊಬ್ಬನನ್ನು ಗೌರವಿಸುತ್ತಾನೆ. ಏಕೆಂದರೆ ಇವನು ತನ್ನನ್ನಲ್ಲದೆ ಬೇರೊಂದನ್ನು ಕುರಿತು ಚಿಂತಿಸುವವನು. ಎಷ್ಟೋ ರಾತ್ರಿ ಕತ್ತಲಲ್ಲಿ ಬೆಳಕನ್ನು ಅರಸಿದವನಿಗೆ ಅಂಥ ಪಾತ್ರವು ಹೊಳೆದುದರಲ್ಲಿ ಆಶ್ಚರ್ಯವೇನು?

1944ರ ಜುಲೈ 31ರಂದು, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಎಕ್ಸುಪೆರಿಯು ಕಾರ್ಸಿಕಾ ದ್ವೀಪದಿಂದ ಒಬ್ಬನೇ ಹೊರಟನು; ಹಿಂದಿರುಗಲಿಲ್ಲ. ಆತನ ವಿಮಾನದ ಅವಶೇಷಗಳು ಮಾರ್ಸೇಲ್ ಬಳಿಯ ಕಡಲಿನಲ್ಲಿ ದೊರೆತುದು 2000ದಲ್ಲಿ.

ಇಂದು ರನ್‌ವೇಯ ಆರಂಭದಲ್ಲಿ ಹಸಿರು ದೀಪಗಳೂ, ಅಂಚುಗಳಲ್ಲಿ ಬಿಳಿಯ ದೀಪಗಳೂ, ಕೊನೆಯಲ್ಲಿ ಕೆಂಪು ದೀಪಗಳೂ ಬೆಳಗುತ್ತವೆ. ಪಕ್ಕದಲ್ಲಿ ಸಾಲಾಗಿ ನಾಲ್ಕು ದೀಪಗಳಿರುತ್ತವೆ. ಅವುಗಳಲ್ಲಿ ಎರಡು ಬಿಳಿ, ಎರಡು ಕೆಂಪಾಗಿ ಕಂಡರೆ ವಿಮಾನವು ಸರಿಯಾದ ಇಳಿಜಾರಿನಲ್ಲಿದೆ. ನಾಲ್ಕೂ ಬಿಳಿಯಾದರೆ ತೀರ ಮೇಲಿದೆ. ನಾಲ್ಕೂ ಕೆಂಪಾದರೆ ತೀರ ಕೆಳಗಿದೆ. ಎಕ್ಸುಪೆರಿಯು ಕೇಳಿದ ಪ್ರಶ್ನೆಗೆ ನೆಲವು ಈಗ ಹೀಗೆ ಉತ್ತರ ಕೊಡುತ್ತಿದೆ. ಮಳೆಯಲ್ಲಿಯೂ ಮಂಜಿನಲ್ಲಿಯೂ ಆ ದೀಪಗಳು ಆರದಂತೆ ಕಾಯುವವರ ಹೆಸರು ಯಾವ ಪ್ರಯಾಣಿಕನಿಗೂ ತಿಳಿಯದು. ಆಕಾಶದ ಧೀರನನ್ನು ನೆನೆಯುವಾಗ ನೆಲದ ಮೇಲೆ ಎಚ್ಚರವಾಗಿರುವ ಅವರನ್ನೂ ನಾವು ನೆನೆಯೋಣ. ನಮ್ಮ ಪಾಲಿಗೆ ಬಂದ ದೀಪವು ಎಷ್ಟೇ ಚಿಕ್ಕದಾಗಿರಲಿ, ಅದನ್ನು ಆರದಂತೆ ಕಾಯೋಣ.