ಮಾನವಿಯ ದಾಸಾರ್ಯರು ಮತ್ತು ತರ್ಕವಿದ್ಯೆ

ಭಾದ್ರಪದ ಶುದ್ಧ ನವಮಿಯು ಶ್ರೀ ಜಗನ್ನಾಥದಾಸಾರ್ಯರ ಆರಾಧನೆಯ ಪುಣ್ಯದಿನವೆಂಬುದು ಭಕ್ತರೆಲ್ಲರಿಗೂ ವಿದಿತವಾಗಿದೆ. ಆ ದಿನ ರಾಯಚೂರಿನಿಂದ ಹೊರಟ ಯಾತ್ರಿಕರು ಕಲ್ಮಲದಲ್ಲಿ ಮಾನವಿಯ ದಾರಿಯನ್ನು ಹಿಡಿಯುವರು. ಈ ಸೀಮೆಯೇ ದಾಸಸಾಹಿತ್ಯದ ಒಂದು ತವರು. ಚೀಕಲಪರವಿಯಲ್ಲಿ ಶ್ರೀ ವಿಜಯದಾಸರು, ದೇವದುರ್ಗದ ಕಡೆಯ ಮೊಸರಕಲ್ಲಿನಲ್ಲಿ ಶ್ರೀ ಗೋಪಾಲದಾಸರು, ಮಾನವಿ ಪ್ರಾಂತದ ಬ್ಯಾಗವಟದಲ್ಲಿ ಶ್ರೀ ಜಗನ್ನಾಥದಾಸರು ಅವತರಿಸಿದರು. ಕಲ್ಮಲದ ಸುತ್ತಮುತ್ತಲಿನವರಾದ ನಮಗೆ ಇವರ ಕಥೆಗಳು ಎಳವೆಯಿಂದಲೇ ಪರಿಚಿತವಾಗಿವೆ. ಅತಿಪರಿಚಯದ ದೆಸೆಯಿಂದಲೋ ಏನೋ, ಅವುಗಳಲ್ಲಿರುವ ಒಂದು ಮುಖ್ಯ ಸಂಗತಿಯನ್ನು ನಾವು ಗಮನಿಸದೆ ಮುಂದೆ ಸಾಗುತ್ತೇವೆ.

ಹಿಂದೊಮ್ಮೆ ಆರಾಧನಾ ಪ್ರವಚನದಲ್ಲಿ, ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಜಗನ್ನಾಥದಾಸರಿಗೆ ಧಾರೆಯೆರೆದ ಪ್ರಸಂಗವು ನಡೆಯುತ್ತಿದ್ದಿತು. ಹತ್ತು ಹನ್ನೆರಡು ವಯಸ್ಸಿನ ಬಾಲಕನೊಬ್ಬನು ಎದ್ದು ನಿಂತು, ಒಬ್ಬರ ಆಯುಷ್ಯವು ಇನ್ನೊಬ್ಬರಿಗೆ ಸೇರಿತೆಂಬುದನ್ನು ನಾವು ತಿಳಿಯುವುದು ಯಾವುದರಿಂದ ಎಂದು ಕೇಳಿದನು. ಹಿರಿಯರೊಬ್ಬರು ಗದರಿ ಅವನನ್ನು ಕೂಡಿಸಿದರು. ನಾವೂ ಅಲ್ಲಿಯೇ ಇದ್ದೆವು, ಏನನ್ನೂ ಆಡಲಿಲ್ಲ. ಮರುದಿನದಿಂದ ಆ ಬಾಲಕನು ಪ್ರವಚನಕ್ಕೆ ಬರಲಿಲ್ಲ. ದಾಸಾರ್ಯರ ಪೂರ್ವಾಶ್ರಮದ ಪಾಠಶಾಲೆಯಲ್ಲಿ ಅವನು ಅದೇ ಪ್ರಶ್ನೆಯನ್ನು ಕೇಳಿದ್ದರೆ ಗದರಿಕೆಯ ಬದಲು ಪಾಠವು ದೊರೆಯುತ್ತಿದ್ದಿತೆಂದು ನಮಗೆ ಆಮೇಲೆ ತೋಚಿತು. ಆ ಕಾರಣದಿಂದ ದಾಸರ ಬಾಳನ್ನು ಈ ಸಲ ತರ್ಕವಿದ್ಯೆಯ ಕಡೆಯಿಂದ ನೋಡಲು ಯತ್ನಿಸಿದ್ದೇವೆ.

ದಾಸರ ಜನನವು 1728ರ ಸುಮಾರಿಗೆ. ತಂದೆ ನರಸಿಂಹಾಚಾರ್ಯರು, ತಾಯಿ ಲಕ್ಷ್ಮಮ್ಮನವರು. ಮಗುವಿಗೆ ಇಟ್ಟ ಹೆಸರು ಶ್ರೀನಿವಾಸ. ಬಾಲಕನ ಬುದ್ಧಿಯು ಸೂಕ್ಷ್ಮವಾದುದು. ಮುಂದೆ ಪುಣೆಯಲ್ಲಿ ವೃಂದಾವನಸ್ಥರಾದ, ರಾಯರ ಮಠದ ಶ್ರೀ ವರದೇಂದ್ರತೀರ್ಥರ ಬಳಿಯಲ್ಲಿ ಶಾಸ್ತ್ರವ್ಯಾಸಂಗವು ನಡೆಯಿತೆಂದು ಸಂಪ್ರದಾಯವು ಹೇಳುತ್ತದೆ. ವ್ಯಾಕರಣ, ನ್ಯಾಯ, ವೇದಾಂತಗಳಲ್ಲಿ ಪಾರಂಗತರಾಗಿ ಮರಳಿದ ಶ್ರೀನಿವಾಸಾಚಾರ್ಯರು ಮಾನವಿಯಲ್ಲಿ ನೆಲೆಸಿ ವಿದ್ಯಾರ್ಥಿಗಳಿಗೆ ಪಾಠವನ್ನು ಹೇಳತೊಡಗಿದರು.

ಮಾಧ್ವ ಸಂಪ್ರದಾಯದಲ್ಲಿ ತರ್ಕಪಾಠವೆಂದರೇನೆಂಬುದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕು. ಈಗಿನ ತರುಣರಿಗೆ ಆ ಹೆಸರನ್ನು ಕೇಳಿದೊಡನೆ ಭಯವುಂಟಾಗುತ್ತದೆ. ಪ್ರವೇಶಾರ್ಥಿಗಳಿಗೆ ಶ್ರೀ ಜಯತೀರ್ಥರ ಪ್ರಮಾಣಪದ್ಧತಿಯೇ ಸೋಪಾನ. ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರಕ್ಕೂ ಅದರಲ್ಲಿ ಒಂದೊಂದು ಪರಿಚ್ಛೇದವಿದೆ. ಶಿಷ್ಯನು ಮೊದಲು ಕಲಿಯುವುದು, ತನಗೆ ಇರುವ ತಿಳಿವಳಿಕೆಯು ಈ ಮೂರರಲ್ಲಿ ಯಾವುದರಿಂದ ಬಂದಿತೆಂದು ತನ್ನನ್ನೇ ಕೇಳಿಕೊಳ್ಳುವುದನ್ನು. ಆ ಬಾಲಕನು ಕೇಳಿದುದೂ ಅದನ್ನೇ ಅಲ್ಲವೆ?

ಅನಂತರ ಅನುಮಾನದ ಪಾಠ. ಬೆಟ್ಟದಲ್ಲಿ ಹೊಗೆ ಕಂಡಿತು. ಆದುದರಿಂದ ಅಲ್ಲಿ ಬೆಂಕಿಯಿದೆ. ಇದು ಸರಿ. ಬೆಂಕಿಯಿದೆ, ಆದುದರಿಂದ ಹೊಗೆಯಿದೆ ಎಂದರೆ? ಸರಿಯೆಂದು ತಲೆಯಾಡಿಸುವ ಹುಡುಗನಿಗೆ ಗುರುಗಳು ಕಮ್ಮಾರನ ಕುಲುಮೆಯಲ್ಲಿ ಕೆಂಪಾದ ಕಬ್ಬಿಣವನ್ನು ನೆನಪಿಸುವರು. ಅಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಹುಟ್ಟಲು ಹಸಿ ಸೌದೆಯ ಸಂಬಂಧವೂ ಬೇಕು. ಎರಡು ವಸ್ತುಗಳನ್ನು ಹತ್ತು ಸಲ ಒಟ್ಟಿಗೆ ಕಂಡ ಮಾತ್ರಕ್ಕೆ ವ್ಯಾಪ್ತಿಯು ಸಿದ್ಧಿಸದು. ತಪ್ಪುವ ಸ್ಥಳವೊಂದಿದೆಯೇ ಎಂದು ಹುಡುಕಿ ನೋಡಬೇಕು. ಒಂದೇ ಒಂದು ಸಿಕ್ಕಿದರೂ ಹೇತುವು ವ್ಯಭಿಚಾರಿಯಾಯಿತು. ಇದಲ್ಲದೆ ಎದುರಾಳಿಯ ಪೂರ್ವಪಕ್ಷವನ್ನು ಅವನೇ ಮೆಚ್ಚುವಂತೆ ಮೊದಲು ನಿರೂಪಿಸಿ, ಬಳಿಕ ಉತ್ತರ ಕೊಡುವ ಅಭ್ಯಾಸವೂ ಉಂಟು. ತತ್ತ್ವನಿರ್ಣಯಕ್ಕಾಗಿ ನಡೆಯುವ ವಾದವೇ ಬೇರೆ, ಖ್ಯಾತಿಗಾಗಿ ಸ್ಪರ್ಧೆಯಿಂದ ನಡೆಯುವ ಜಲ್ಪವೇ ಬೇರೆ ಎಂಬುದನ್ನು ಶ್ರೀಮದಾಚಾರ್ಯರು ಕಥಾಲಕ್ಷಣದಲ್ಲಿ ವಿಂಗಡಿಸಿ ತೋರಿದ್ದಾರೆ.

ಇಷ್ಟೆಲ್ಲವನ್ನು ಬಲ್ಲ ಶ್ರೀನಿವಾಸಾಚಾರ್ಯರು ಸ್ವತಃ ಎಡವಿದರು. ವಿಜಯದಾಸರು ಮಾನವಿಗೆ ಬಂದಾಗ ಆಚಾರ್ಯರನ್ನು ತೀರ್ಥಪ್ರಸಾದಕ್ಕೆ ಕರೆಕಳುಹಿಸಿದರು. ದೇಶಭಾಷೆಯಲ್ಲಿ ಪದಗಳನ್ನು ಹಾಡುತ್ತ ಗೆಜ್ಜೆ ಕಟ್ಟಿ ಕುಣಿಯುವವರಲ್ಲಿ ಶಾಸ್ತ್ರಜ್ಞಾನವೆಲ್ಲಿಯದು ಎಂಬ ಭಾವನೆ ಆಚಾರ್ಯರದು. ಹೊಟ್ಟೆನೋವೆಂದು ಸುಳ್ಳು ನೆಪವನ್ನು ಹೇಳಿಕಳುಹಿಸಿದರು. ಸುಳ್ಳಾಗಿ ಹೇಳಿದ ಆ ನೋವು ನಿಜವಾಗಿಯೇ ಅವರನ್ನು ಹಿಡಿಯಿತು.

ಈ ಪ್ರಸಂಗವನ್ನು ತರ್ಕದ ಸೋಲೆಂದು, ಭಕ್ತಿಯ ಮುಂದೆ ಯುಕ್ತಿಯು ಮಂಡಿಯೂರಿದುದೆಂದು ವರ್ಣಿಸುವ ವಾಡಿಕೆಯಿದೆ. ನಮಗದು ಒಪ್ಪಿಗೆಯಾಗದು. ಸಂಸ್ಕೃತದಲ್ಲಿ ಗ್ರಂಥವನ್ನು ರಚಿಸದವರು ತತ್ತ್ವವನ್ನು ಅರಿಯರು ಎಂಬ ವ್ಯಾಪ್ತಿಯನ್ನು ಆಚಾರ್ಯರು ಪರೀಕ್ಷಿಸದೆಯೇ ಹಿಡಿದಿದ್ದರು. ವ್ಯಾಸತ್ರಯವನ್ನು ರಚಿಸಿದ ಶ್ರೀ ವ್ಯಾಸರಾಜರೇ ಕನ್ನಡದಲ್ಲಿ ಪದಗಳನ್ನು ಹಾಡಿದವರು, ಪುರಂದರದಾಸರನ್ನು ಶಿಷ್ಯರನ್ನಾಗಿ ಆದರಿಸಿದವರು ಎಂಬುದು ಅವರಿಗೆ ತಿಳಿಯದ ಸಂಗತಿಯಾಗಿರಲಾರದು. ಕುಲುಮೆಯ ಕಬ್ಬಿಣವು ಕಣ್ಣೆದುರಿಗೇ ಇದ್ದಿತು, ಅವರು ನೋಡಲಿಲ್ಲ. ಶಿಷ್ಯನು ಮಾಡಿದ್ದರೆ ತಿದ್ದುತ್ತಿದ್ದ ದೋಷವನ್ನು ಗುರುವು ತನ್ನ ವಿಷಯದಲ್ಲಿ ತಾನೇ ಮಾಡಿದನು. ಅಲ್ಲಿ ತರ್ಕವು ಹೆಚ್ಚಾದುದಲ್ಲ, ಸಾಲದೆ ಹೋದುದು.

ಉಪಶಮನವನ್ನು ಕಾಣದ ಆಚಾರ್ಯರು ಮಂತ್ರಾಲಯದಲ್ಲಿ ರಾಯರ ಸೇವೆಯನ್ನು ಮಾಡಿದರೆಂದೂ, ಕಡೆಗೆ ವಿಜಯದಾಸರನ್ನೇ ಶರಣುಹೊಕ್ಕರೆಂದೂ ಹೇಳುವರು. ಅವರ ಅಪ್ಪಣೆಯಂತೆ ಉತ್ತನೂರಿನಲ್ಲಿದ್ದ ಗೋಪಾಲದಾಸರ ಬಳಿಗೆ ಹೋದರು. ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ ಜೋಳದ ರೊಟ್ಟಿಯನ್ನು ತಿನ್ನಿಸಿದರಂತೆ. ಅನ್ನವೂ ಜೀರ್ಣವಾಗದ ಹೊಟ್ಟೆಗೆ ನಮ್ಮ ಸೀಮೆಯ ರೊಟ್ಟಿಯೇ ಔಷಧವಾಯಿತು! ಆಯುರ್ದಾನವು ನಡೆದುದೂ ಆಗಲೇ. ಮುಂದೆ ಪಂಢರಪುರದ ಚಂದ್ರಭಾಗೆಯಲ್ಲಿ ಜಗನ್ನಾಥವಿಠ್ಠಲ ಎಂಬ ಅಂಕಿತವು ದೊರೆತು ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು. ವಿಜಯದಾಸರು 1755ರಲ್ಲಿ ಚಿಪ್ಪಗಿರಿಯಲ್ಲಿಯೂ, ಗೋಪಾಲದಾಸರು 1762ರಲ್ಲಿ ನಲವತ್ತರ ಆಸುಪಾಸಿನಲ್ಲಿಯೂ ದೇಹವನ್ನು ಬಿಟ್ಟರು. ಜಗನ್ನಾಥದಾಸರು ಬಾಳಿದುದು 1809ರವರೆಗೆ, ಎಂಬತ್ತು ವರ್ಷಗಳಿಗೆ ಮೇಲ್ಪಟ್ಟು.

ಅಂಕಿತವು ಬಂದ ಮೇಲೆ ಅವರು ಕಲಿತುದನ್ನು ಹೊಳೆಗೆ ಎಸೆಯಲಿಲ್ಲ. ಭಾಮಿನೀ ಷಟ್ಪದಿಯಲ್ಲಿ ಹಬ್ಬಿದ ಹರಿಕಥಾಮೃತಸಾರದ ಮೂವತ್ತೆರಡು ಸಂಧಿಗಳಲ್ಲಿ ಶಾಸ್ತ್ರವೇ ತುಂಬಿದೆ. ಬದಲಾದುದು ಭಾಷೆ ಮತ್ತು ಎದುರಿಗೆ ಕುಳಿತವರು. ಪಾಠಶಾಲೆಗೆ ಬರಲಾರದ ಹೆಣ್ಣುಮಕ್ಕಳೂ ಒಕ್ಕಲಿಗರೂ ಈಗ ಶ್ರೋತೃಗಳಾದರು. ಶ್ವಾಸಸಂಧಿಯಲ್ಲಿ ದಿನವೊಂದಕ್ಕೆ 21,600 ಶ್ವಾಸಗಳ ಲೆಕ್ಕವು ಬರುತ್ತದೆ. ಮಕ್ಕಳಿಗೆ ಅದನ್ನು ಕಂಠಪಾಠ ಮಾಡಿಸಿ ಬಿಟ್ಟುಬಿಡುತ್ತೇವೆ. ಗಡಿಯಾರವನ್ನು ಮುಂದಿಟ್ಟು ಒಂದು ನಿಮಿಷದ ಉಸಿರನ್ನು ಎಣಿಸಲು ಹೇಳಿ ನೋಡಿರಿ: ನಿಮಿಷಕ್ಕೆ ಹದಿನೈದಾದರೆ ದಿನದ 1,440 ನಿಮಿಷಗಳಿಗೆ ಸರಿಯಾಗಿ ಅಷ್ಟೇ ಆಗುವುದು. ಮಕ್ಕಳ ಎಣಿಕೆಯು ಹದಿನೆಂಟೋ ಇಪ್ಪತ್ತೋ ಬಂದೀತು. ಆಗ ಏಕೆಂದು ಕೇಳುವರು, ಕೇಳಲಿ. ಓಡಿ ಬಂದವನ ಉಸಿರು, ಎಳೆಯರ ಉಸಿರು, ಶಾಂತವಾಗಿ ಕುಳಿತ ಹಿರಿಯರ ಉಸಿರು ಒಂದೇ ಅಲ್ಲವೆಂದು ಅವರೇ ಕಂಡುಕೊಳ್ಳುವರು.

ಲಿಂಗಸುಗೂರಿನ ಪ್ರಾಣೇಶದಾಸರು, ಕರ್ಜಗಿಯ ಶ್ರೀದವಿಠ್ಠಲರು ಮೊದಲಾದ ಶಿಷ್ಯರು ಅವರ ಮಾರ್ಗವನ್ನು ಮುಂದುವರಿಸಿದರು. ದಾಸರು ಮಾನವಿಯ ತಮ್ಮ ಮನೆಯ ಕಂಬದಲ್ಲಿ ಸನ್ನಿಹಿತರಾಗಿರುವರೆಂಬುದು ಭಕ್ತರ ಶ್ರದ್ಧೆ. ಆರಾಧನೆಯಂದು ಅಲ್ಲಿ ಸೇವೆಯು ನಡೆಯುತ್ತದೆ.

ಇನ್ನು ಆ ಬಾಲಕನ ಪ್ರಶ್ನೆ. ಆಯುರ್ದಾನವು ನಮ್ಮ ಕಣ್ಣಿಗೆ ಕಂಡುದಲ್ಲ, ಹೊಗೆಯಿಂದ ಬೆಂಕಿಯನ್ನು ತಿಳಿದಂತೆ ಊಹಿಸಿದುದೂ ಅಲ್ಲ. ನಂಬಿಕೆಗೆ ಪಾತ್ರರಾದ ಹಿರಿಯರ ಮಾತಿನಿಂದ ಅದು ನಮಗೆ ಬಂದಿದೆ. ಆ ಹಿರಿಯರನ್ನು ನಾವು ನಂಬಲು ಕಾರಣವೇನೆಂದು ಅವನು ಮುಂದೆ ಕೇಳಿದರೆ, ಅದೂ ನ್ಯಾಯವಾದ ಪ್ರಶ್ನೆಯೇ. ಆಪ್ತನೆಂದರೆ ಯಾರೆಂಬ ವಿಚಾರವು ಶಾಸ್ತ್ರದಲ್ಲಿಯೇ ಉಂಟು. ಇಷ್ಟನ್ನು ಆ ದಿನ ಹೇಳಲು ಹೆಚ್ಚು ಹೊತ್ತು ಹಿಡಿಯುತ್ತಿರಲಿಲ್ಲ.

ಈ ಸಲದ ಆರಾಧನೆಯ ಮೂರು ದಿನಗಳಲ್ಲಿಯೂ ಪ್ರವಚನದ ತರುವಾಯ ಅರ್ಧ ಘಂಟೆಯನ್ನು ಮಕ್ಕಳ ಪ್ರಶ್ನೆಗಳಿಗೆ ಬಿಡಬೇಕೆಂದು ಪ್ರವಚನಕಾರರನ್ನು ಪ್ರಾರ್ಥಿಸಿದ್ದೇವೆ. ಅವರು ಸಂತೋಷದಿಂದ ಒಪ್ಪಿದ್ದಾರೆ. ಆ ಬಾಲಕನ ಮನೆಗೂ ಹೇಳಿಕಳುಹಿಸಿದ್ದೇವೆ.