ವಾಟರ್‌ಮನ್ನರ ಪೆನ್ನು, ನನ್ನ ಪೀಠಿಕೆ

ಬೋಧನಾಭ್ಯಾಸಕ್ಕೆಂದು ನನಗೆ ಸಿಕ್ಕಿದ್ದು ಹೊಳೆನರಸೀಪುರದ ಒಂದು ಪ್ರೌಢಶಾಲೆ. ಒಂಬತ್ತನೇ ತರಗತಿಗೆ ಲೋಮನಾಳ ಕ್ರಿಯೆಯ ಪಾಠ. ಬೇರು ಹೀರಿದ ನೀರು ಎಲೆಗೇರುವುದು, ದೀಪದ ಬತ್ತಿ ಎಣ್ಣೆ ಎಳೆಯುವುದು, ಇವೆಲ್ಲ ನಮ್ಮ ತಂಡದ ಎಲ್ಲರ ಪಾಠಯೋಜನೆಯಲ್ಲೂ ಇದ್ದ ಉದಾಹರಣೆಗಳು. ನಾನು ಶಾಯಿ ಪೆನ್ನನ್ನು ಆರಿಸಿಕೊಂಡೆ. ದೊಡ್ಡ ಕಾರಣವೇನಲ್ಲ. ಚನ್ನರಾಯಪಟ್ಟಣದಲ್ಲಿ ನನ್ನ ಸೋದರಮಾವನ ಪುಸ್ತಕದ ಅಂಗಡಿಯಿದೆ, ಅಲ್ಲಿ ಚೀನಾ ಪೆನ್ನುಗಳು ಅಗ್ಗಕ್ಕೆ ಸಿಗುತ್ತವೆ. ಒಳಗಿನ ಶಾಯಿ ಹೊರಗೆ ಕಾಣುವಂಥ ಪಾರದರ್ಶಕ ಪೆನ್ನುಗಳನ್ನು ಗುಂಪಿಗೊಂದರಂತೆ ಆರು ತಂದೆ. ಮಾವ ದುಡ್ಡು ತೆಗೆದುಕೊಳ್ಳಲಿಲ್ಲ, ಶಾಯಿ ಬಾಟಲಿಗೆ ಮಾತ್ರ ತೆಗೆದುಕೊಂಡರು.

ಇನ್ನು ಪೀಠಿಕೆಗೆ ಒಂದು ಕಥೆ ಬೇಕಲ್ಲ. ನಾನು ಅರಕಲಗೂಡಿನವಳು. ಪೆನ್ನನ್ನೇ ನಂಬಿ ಬದುಕಿದ ಅ.ನ.ಕೃ. ಅವರ ಹೆಸರಿನಲ್ಲೇ ನಮ್ಮೂರಿದೆ. ಆದರೆ ನನ್ನ ಪಾಠ ಪೆನ್ನಿನಿಂದ ಏನು ಬರೆದರು ಎಂಬುದರದ್ದಲ್ಲ, ಪೆನ್ನು ಹೇಗೆ ಬರೆಯುತ್ತದೆ ಎಂಬುದರದ್ದು. ಹಾಗಾಗಿ ಲೂಯಿಸ್ ಎಡ್ಸನ್ ವಾಟರ್‌ಮನ್ ಅವರನ್ನು ಹಿಡಿದುಕೊಂಡೆ.

ತರಗತಿಯಲ್ಲಿ ನಾನು ಹೇಳಿದ ಕಥೆ ನಿಮಗೂ ಗೊತ್ತಿರಬಹುದು. ನ್ಯೂಯಾರ್ಕಿನಲ್ಲಿ ವಾಟರ್‌ಮನ್ ಎಂಬ ವಿಮಾ ಏಜೆಂಟ್ ಇದ್ದರು. ದೊಡ್ಡದೊಂದು ಪಾಲಿಸಿಗೆ ಸಹಿ ಹಾಕಿಸಲು ಹೊಸ ಪೆನ್ನು ಕೊಂಡು ಹೋದರು. ಗಿರಾಕಿ ಪೆನ್ನು ಹಿಡಿದದ್ದೇ ತಡ, ಕಾಗದದ ಮೇಲೆ ಶಾಯಿ ಸುರಿಯಿತು. ಬೇರೆ ಕಾಗದ ತರಲು ಓಡಿ ವಾಪಸು ಬರುವಷ್ಟರಲ್ಲಿ ಇನ್ನೊಬ್ಬ ಏಜೆಂಟ್ ಆ ವ್ಯವಹಾರವನ್ನು ಹೊಡೆದುಕೊಂಡಿದ್ದ. ಅಂದೇ ವಾಟರ್‌ಮನ್ ಸೋರದ ಪೆನ್ನು ಮಾಡುವ ಶಪಥ ತೊಟ್ಟರು. ಓಡಿದ್ದನ್ನೂ ಬಂದದ್ದನ್ನೂ ನಾನು ಅಭಿನಯಿಸಿಯೇ ತೋರಿಸಿದೆ. ಮಕ್ಕಳು ನಕ್ಕರು. ಮೇಲ್ವಿಚಾರಕರು ನನ್ನ ಪಾಠ ದಾಖಲೆಯಲ್ಲಿ ಪೀಠಿಕೆಯ ಎದುರಿಗೇ ಮೆಚ್ಚುಗೆಯ ಸಾಲು ಬರೆದರು. ಆವರೆಗಿನ ಪಾಠಗಳಲ್ಲಿ ನನಗೆ ಸಿಕ್ಕ ಒಳ್ಳೆಯ ಷರಾ ಅದೊಂದೇ.

ಮುಂದಿನ ವಾರ ಶಾಲೆಯ ವಿಜ್ಞಾನ ಸಂಘದಲ್ಲಿ ಅದೇ ವಾಟರ್‌ಮನ್ನರ ಬಗ್ಗೆ ಹತ್ತು ನಿಮಿಷ ಮಾತಾಡಬೇಕೆಂದಾಯಿತು. ಹತ್ತು ನಿಮಿಷಕ್ಕೆ ಒಂದು ಕಥೆ ಸಾಲದು. ಹುಡುಕಿ ಓದತೊಡಗಿದಾಗ ಗೊತ್ತಾಯಿತು, ಆ ಕಥೆಗೆ ಆಧಾರವೇ ಇಲ್ಲ. ವಾಟರ್‌ಮನ್ ಬದುಕಿದ್ದಾಗ ಅದನ್ನು ಯಾರೂ ಹೇಳಿದ್ದಿಲ್ಲ. ಅವರು ತೀರಿಕೊಂಡ ಮೇಲೆ ಅವರ ಕಂಪನಿಯ ಪ್ರಚಾರದ ಬರಹಗಳಲ್ಲಿ ಅದು ಹುಟ್ಟಿಕೊಂಡು, ಅಲ್ಲಿಂದ ಪುಸ್ತಕಗಳಿಗೂ ಪಾಠಗಳಿಗೂ ನಡೆದು ಬಂದಿದೆ.

ನಿಜವಾದ ಬದುಕು ನಮಗೆ ಇನ್ನಷ್ಟು ಹತ್ತಿರದ್ದು. ವಾಟರ್‌ಮನ್ ಹುಟ್ಟಿದ್ದು 1837ರಲ್ಲಿ, ನ್ಯೂಯಾರ್ಕ್ ರಾಜ್ಯದ ಡೆಕಟೂರ್ ಎಂಬ ಹಳ್ಳಿಯಲ್ಲಿ. ಶಾಲೆ ಕಲಿತದ್ದು ಅಷ್ಟಕ್ಕಷ್ಟೇ. ಹದಿಹರೆಯದಲ್ಲಿ ಮನೆಯವರೊಡನೆ ಪಶ್ಚಿಮಕ್ಕೆ, ಇಲಿನಾಯ್ ರಾಜ್ಯಕ್ಕೆ ಹೋದರು. ಅಲ್ಲಿ ಚಳಿಗಾಲದಲ್ಲಿ ಶಾಲೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದರು, ಬೇಸಿಗೆಯಲ್ಲಿ ಮರಗೆಲಸ ಮಾಡುತ್ತಿದ್ದರು. ಹೌದು, ಮೇಷ್ಟರಾಗಿದ್ದರು! ಪೀಠಿಕೆಯಲ್ಲಿ ನಾನು ಬಿಟ್ಟದ್ದು ಇದನ್ನೇ. ಶೀಘ್ರಲಿಪಿ ಕಲಿಸಿದರು, ಪುಸ್ತಕ ಮಾರಿದರು, ಆಮೇಲೆ ಬಹಳ ವರ್ಷ ಜೀವವಿಮೆ ಮಾರಿದರು. ಯಾವುದರಲ್ಲೂ ಹೆಸರಾಗಲಿಲ್ಲ.

ನಲವತ್ತೈದು ದಾಟಿದ ಮೇಲೆ ಅವರು ಪೆನ್ನಿನ ವ್ಯಾಪಾರಕ್ಕೆ ಬಂದರು. 1883ರಲ್ಲಿ ಫ್ರಾಂಕ್ ಹಾಲೆಂಡ್ ಎಂಬಾತ ನ್ಯೂಯಾರ್ಕಿನಲ್ಲಿ ಪೆನ್ನಿನ ಹೊಸ ಕಂಪನಿ ತೆರೆದಿದ್ದ. ವಾಟರ್‌ಮನ್ ಅಲ್ಲಿ ಪೆನ್ನು ಮಾರುವವರು. ಆರು ವಾರವಾಗುವಷ್ಟರಲ್ಲಿ ಹಾಲೆಂಡ್ ಕಂಪನಿಯನ್ನು ಕೈಬಿಟ್ಟ. ಬಿಟ್ಟುಹೋದ ವ್ಯವಹಾರವನ್ನು ವಾಟರ್‌ಮನ್ ವಹಿಸಿಕೊಂಡರು, ಪೆನ್ನಿನೊಳಗಿನ ಒಂದು ತುಂಡನ್ನು ಮಾತ್ರ ತಮ್ಮದೇ ರೀತಿಯಲ್ಲಿ ಮಾಡಿ ಹಾಕಿದರು. ಅದೇ ವರ್ಷ ಜೂನ್‌ನಲ್ಲಿ ಅರ್ಜಿ, 1884ರ ಫೆಬ್ರವರಿ 12ರಂದು ಪೇಟೆಂಟ್.

ಆ ತುಂಡು ಯಾವುದೆಂದರೆ ನಿಬ್ಬಿನ ಹೊಟ್ಟೆಗೆ ಅಂಟಿಕೊಂಡಂತೆ ಇರುವ ನಾಲಗೆ. ಅದರ ಮೇಲ್ಮೈಯಲ್ಲಿ ಒಂದು ಕಾಲುವೆ, ಕಾಲುವೆಯ ತಳದಲ್ಲಿ ಕೂದಲಿನಷ್ಟು ಸಣ್ಣ ಸೀಳುಗಳು. ಮುಚ್ಚಿದ ಕೊಳವೆಯಿಂದ ಶಾಯಿ ಹೊರಗೆ ಬರಬೇಕಾದರೆ ಅಷ್ಟೇ ಜಾಗದ ಗಾಳಿ ಒಳಗೆ ಹೋಗಬೇಕು. ಗಾಳಿಗೆ ದಾರಿ ಸಿಗದಿದ್ದರೆ ಪೆನ್ನು ಒಣಗಿ ನಿಲ್ಲುತ್ತದೆ, ದಾರಿ ದೊಡ್ಡದಾದರೆ ಶಾಯಿ ಸುರಿಯುತ್ತದೆ. ವಾಟರ್‌ಮನ್ನರ ನಾಲಗೆಯಲ್ಲಿ ಸಣ್ಣ ಸೀಳುಗಳು ಲೋಮನಾಳ ಕ್ರಿಯೆಯಿಂದ ಶಾಯಿಯನ್ನು ನಿಬ್ಬಿಗೆ ಒಯ್ಯುತ್ತವೆ, ಅಗಲದ ಕಾಲುವೆಯಲ್ಲಿ ಗಾಳಿ ಹಿಂದಕ್ಕೆ ಹೋಗುತ್ತದೆ. ಪೆನ್ನು ಅವರ ಶೋಧವಲ್ಲ. ರುಮೇನಿಯಾದ ಪೆಟ್ರಾಕೆ ಪೊಯೆನಾರು 1827ರಲ್ಲೇ ಪ್ಯಾರಿಸ್‌ನಲ್ಲಿ ಶಾಯಿ ತುಂಬುವ ಪೆನ್ನಿಗೆ ಪೇಟೆಂಟ್ ಪಡೆದಿದ್ದರು. ವಾಟರ್‌ಮನ್ನರದು ಶಾಯಿ ಮತ್ತು ಗಾಳಿಯ ನಡುವಿನ ಒಪ್ಪಂದ. 1901ರಲ್ಲಿ ಅವರು ತೀರಿಕೊಂಡಾಗ ಅವರ ಪೆನ್ನು ಹೆಸರಾಗಿತ್ತು. ಕಂಪನಿಯನ್ನು ಅಣ್ಣನ ಮಗನೋ ತಮ್ಮನ ಮಗನೋ ಆದ ಫ್ರಾಂಕ್ ವಾಟರ್‌ಮನ್ ಇನ್ನೂ ದೊಡ್ಡದು ಮಾಡಿದ.

ಇಷ್ಟು ತಿಳಿದ ಮೇಲೆ ಏನು ಮಾಡುವುದು? ನನ್ನ ಜೊತೆಯ ಪ್ರಶಿಕ್ಷಣಾರ್ಥಿಯೊಬ್ಬಳು, ಪಾಠ ಮುಗಿದಿದೆ, ಷರಾ ಬಿದ್ದಿದೆ, ಕೆದಕಬೇಡ ಎಂದಳು. ಅವಳ ಮಾತಿನಲ್ಲೂ ಅರ್ಥವಿತ್ತು. ಇನ್ನೆರಡು ವಾರಕ್ಕೆ ನಾವು ಹಾಸನಕ್ಕೆ ಹಿಂತಿರುಗುವವರು, ಮತ್ತೆ ಆ ಮಕ್ಕಳ ಮುಖ ನೋಡುವವರಲ್ಲ. ಆದರೆ ಮಕ್ಕಳು ಪಾಠದಲ್ಲಿ ಉಳಿಸಿಕೊಂಡಿದ್ದದ್ದು ಅದೊಂದನ್ನೇ. ಪುನರಾವಲೋಕನದ ಪ್ರಶ್ನೆಗೆ ಲೋಮನಾಳ ಕ್ರಿಯೆ ಎಂದವರು ನಾಲ್ಕೇ ಮಂದಿ, ವಿಮಾ ಏಜೆಂಟನ ಓಟ ಎಲ್ಲರಿಗೂ ನೆನಪಿತ್ತು. ಸುಳ್ಳನ್ನು ಚೆನ್ನಾಗಿ ಕಲಿಸಿದ್ದೆ.

ವಿಜ್ಞಾನ ಸಂಘದ ದಿನ ಕಥೆಯನ್ನು ವಾಪಸು ತೆಗೆದುಕೊಂಡೆ. ಹೇಳುವಾಗ ಗಂಟಲು ಒಣಗಿತ್ತು. ಮಕ್ಕಳಿಗೆ ಬೇಸರವೇನೂ ಆಗಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಹಾಗಾದರೆ ಸುಳ್ಳು ಹೇಳಿದ್ದು ನೀವೋ ಕಂಪನಿಯವರೋ ಎಂದು ಕೇಳಿದಳು. ಇಬ್ಬರೂ ಎಂದೆ.

ಆಮೇಲೆ ಪೆನ್ನುಗಳನ್ನು ಬಿಚ್ಚಿದೆವು. ಹೊಸ ಪೆನ್ನಿನ ಒಳಗೆ ತಯಾರಿಕೆಯ ಎಣ್ಣೆಯಂಶ ಉಳಿದಿದ್ದರೆ ಶಾಯಿ ಹರಿಯುವುದಿಲ್ಲ, ಅದಕ್ಕೆ ಒಂದು ಹನಿ ಪಾತ್ರೆ ಸೋಪು ಬೆರೆಸಿದ ನೀರಿನಲ್ಲಿ ತೊಳೆಯಬೇಕು. ಬಿಸಿನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ತಿರುಗಿಸಿ ಎಳೆಯುವ ಕನ್ವರ್ಟರ್ ಇದ್ದರೆ ನಿಬ್ಬನ್ನು ಪೂರ್ತಿ ಮುಳುಗಿಸಬೇಕು, ಬರೀ ತುದಿ ಅದ್ದಿದರೆ ಅರ್ಧ ಗಾಳಿಯೇ ಬರುತ್ತದೆ. ತುಂಬಿದ ಮೇಲೆ ಎರಡು ಮೂರು ಹನಿ ಬಾಟಲಿಗೆ ಮರಳಿಸಿ ನಿಬ್ಬು ಒರೆಸಬೇಕು.

ತಾತನ ಹೀರೋ ಪೆನ್ನನ್ನೂ ಒಯ್ದಿದ್ದೆ. ಅವರು ಅರಕಲಗೂಡಿನ ಕಡೆ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದವರು, ಪರೀಕ್ಷೆಯ ಅಂಕಪಟ್ಟಿಗೆ ಮಾತ್ರ ಆ ಪೆನ್ನು ತೆಗೆಯುತ್ತಿದ್ದರಂತೆ. ಶಾಂಘೈನಲ್ಲಿ ತಯಾರಾದದ್ದು, ಲೋಹದ ಮುಚ್ಚಳ, ತುದಿ ಮಾತ್ರ ಹೊರಗಿಣುಕುವ ನಿಬ್ಬು. ಅದರ ಹೊಟ್ಟೆಯಲ್ಲಿ ರಬ್ಬರಿನಂಥ ಚೀಲ, ಚೀಲದೊಳಗೆ ಮೇಲಿನವರೆಗೂ ಹೋಗುವ ಸಣ್ಣ ನಳಿಗೆ. ಶಾಯಿಯಲ್ಲಿ ಅದ್ದಿ ಪಟ್ಟಿಯನ್ನು ಒಮ್ಮೆ ಒತ್ತಿ ಬಿಟ್ಟರೆ ಚೀಲ ತುಂಬದು. ನಾಲ್ಕೈದು ಸಲ ಒತ್ತಬೇಕು, ಪ್ರತಿ ಸಲ ಬಿಟ್ಟಾಗಲೂ ನಿಧಾನ ಮಾಡಬೇಕು. ನಳಿಗೆಯ ಬಾಯಿ ಮೇಲಿರುವುದರಿಂದ ಒತ್ತಿದಾಗ ಮೇಲಿನ ಗಾಳಿಯೇ ಹೊರಗೆ ಹೋಗುತ್ತದೆ, ಕೆಳಗೆ ಸೇರಿದ ಶಾಯಿ ಉಳಿಯುತ್ತದೆ. ಬಾಟಲಿಯಲ್ಲಿ ಗುಳ್ಳೆ ಏಳುವುದು ನಿಂತಿತೆಂದರೆ ಚೀಲ ತುಂಬಿತು. ಈ ಗುಳ್ಳೆ ಎಣಿಸುವ ಕೆಲಸಕ್ಕೆ ಮಕ್ಕಳು ಜಗಳವಾಡಿದರು.

ಒಂದು ಗುಂಪಿನವರು ಡ್ರಾಪರ್‌ನಿಂದ ನೇರ ಕೊಳವೆಗೇ ಶಾಯಿ ಹಾಕಿದ್ದರು. ಪ್ಲಾಸ್ಟಿಕ್ ಕೊಳವೆಯಾದರೆ ತಿರುಪಿಗೆ ಸ್ವಲ್ಪ ಗ್ರೀಸ್ ಸವರಿ ಹಾಗೆ ಮಾಡಬಹುದು, ಲೋಹದ್ದಾದರೆ ಬೇಡ. ಅವರು ಹಾಕಿದ್ದು ಕಾಲು ಭಾಗ ಮಾತ್ರ. ಹುಡುಗನೊಬ್ಬ ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಾನು ಹೇಳುವುದನ್ನು ಕೇಳುತ್ತ ಕೂತಿದ್ದ. ಬರೆಯಲು ಬಗ್ಗಿದ, ಟಪ್ಪೆಂದು ದೊಡ್ಡ ಹನಿ ಬಿಳಿ ಅಂಗಿಯ ತೋಳಿಗೆ ಬಿತ್ತು. ಹುಡುಗನ ಮುಖ ಸಣ್ಣಗಾಯಿತು. ವಾಟರ್‌ಮನ್ ಪೆನ್ನೂ ಹೀಗೆ ಮಾಡುತ್ತಿತ್ತಾ ಮಿಸ್ ಎಂದ.

ಮಾಡುತ್ತಿತ್ತು. ವಾಟರ್‌ಮನ್ನರ ಪೆನ್ನುಗಳಿಗೂ ಡ್ರಾಪರ್‌ನಿಂದಲೇ ಶಾಯಿ ಹಾಕುತ್ತಿದ್ದರು. ಕೊಳವೆ ಬರಿದಾದಷ್ಟೂ ಅದರಲ್ಲಿ ಗಾಳಿ ಹೆಚ್ಚು. ಕೈಯ ಬಿಸಿಗೆ ಗಾಳಿ ಹಿಗ್ಗಿ ಶಾಯಿಯನ್ನು ತಳ್ಳುತ್ತದೆ. ಸೀಳುಗಳು ಹಿಡಿದಿಡುವಷ್ಟು ಹಿಡಿದಿಟ್ಟು, ಮಿಕ್ಕದ್ದನ್ನು ಬಿಡುತ್ತವೆ. ಅದಕ್ಕೇ ಕಾಲು ಭಾಗಕ್ಕಿಳಿಯುವ ಮೊದಲೇ ಮತ್ತೆ ತುಂಬಬೇಕು. ನನ್ನ ಕಥೆಯಲ್ಲಿ ಶಾಯಿ ಚೆಲ್ಲುವುದನ್ನು ಒಂದೇ ದಿನದಲ್ಲಿ ಮುಗಿಸಿಬಿಟ್ಟಿದ್ದ ಮನುಷ್ಯನಿಗೆ ನಿಜದಲ್ಲಿ ಅದು ಪೂರ್ತಿ ಬಗೆಹರಿದಿರಲಿಲ್ಲ. ಇದನ್ನು ನಾನು ಯೋಜನೆಯಲ್ಲಿ ಬರೆದುಕೊಂಡೇ ಇರಲಿಲ್ಲ, ಆ ಹನಿ ಬಿದ್ದದ್ದರಿಂದ ಪಾಠವಾಯಿತು. ಇನ್ನೊಂದು ಗುಂಪಿನವರು ಪೂರ್ತಿ ತುಂಬಿದ ಪೆನ್ನನ್ನೂ ಕಾಲು ತುಂಬಿದ ಪೆನ್ನನ್ನೂ ಎರಡು ಮುಷ್ಟಿಯಲ್ಲಿ ಹಿಡಿದು ಐದು ನಿಮಿಷ ಕಾದರು. ತುಂಬಿದ್ದು ಸೋರಲಿಲ್ಲ.

ಅಂಗಿಯ ಶಾಯಿಯನ್ನು ಕೂಡಲೇ ತಣ್ಣೀರಿನಲ್ಲಿ ಹಿಂಡಿದೆವು. ಪೂರ್ತಿ ಹೋಗಲಿಲ್ಲ, ತೆಳು ನೀಲಿ ಉಳಿಯಿತು. ಆ ಪೆನ್ನನ್ನು ಹುಡುಗನಿಗೇ ಕೊಟ್ಟೆ. ಅವನು ದಿನಾ ಬೆಳಿಗ್ಗೆ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕತ್ತಿನವರೆಗೆ ತುಂಬಿಕೊಂಡು ತರಗತಿಗೆ ಬರುತ್ತಿದ್ದ.

ಪಾಠ ದಾಖಲೆಯ ಹಾಳೆಗಳನ್ನು ಈಗ ಮತ್ತೆ ಬರೆದಿದ್ದೇನೆ. ಪೀಠಿಕೆಯ ಕಾಲಂನಲ್ಲಿದ್ದ ವಿಮಾ ಏಜೆಂಟನನ್ನು ಹೊಡೆದುಹಾಕಿ, ಕಾಲು ಭಾಗ ಶಾಯಿಯಿರುವ ಒಂದು ಪೆನ್ನು, ಒಂದು ಹಳೆಯ ಬಟ್ಟೆ ಎಂದು ಬರೆದೆ. ಮೇಲ್ವಿಚಾರಕರು ಆ ಹಾಳೆಯನ್ನು ಇನ್ನೂ ನೋಡಿಲ್ಲ.