ಟಿಕೆಟ್ಟಿನ ಎರಡನೆಯ ಹೆಸರು: ಲಿಂಡನ್ ಜಾನ್ಸನ್ ಮತ್ತು ಲೇಡಿ ಬರ್ಡ್

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂತೆಂದರೆ ನಮ್ಮ ಮನೆಗಳಲ್ಲೂ ಅದರದೇ ಮಾತು. ಮಗಳೋ ಮೊಮ್ಮಗನೋ ಅಲ್ಲಿದ್ದರಂತೂ ಕೇಳುವುದೇ ಬೇಡ. 2020ರಲ್ಲಿ, ಚೆನ್ನೈಯಲ್ಲಿ ಹುಟ್ಟಿದ ಶ್ಯಾಮಲಾ ಗೋಪಾಲನ್ ಅವರ ಮಗಳು ಕಮಲಾ ಹ್ಯಾರಿಸ್ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾದಾಗ ನಮ್ಮಲ್ಲಿ ಅನೇಕರು ಸಂಭ್ರಮಪಟ್ಟೆವು. ಆದರೆ ಅಧ್ಯಕ್ಷರ ಜೊತೆ ನಿಲ್ಲುವ ಈ ಎರಡನೆಯ ಹೆಸರನ್ನು ನೋಡಿ ಜನ ಮತ ಹಾಕುತ್ತಾರೆಯೇ? ಇದಕ್ಕೆ ಉತ್ತರ ಹುಡುಕುವವರೆಲ್ಲ ಮೊದಲು ತೆರೆಯುವ ಪುಟ 1960ರದು. ಆ ಪುಟದ ನಾಯಕ ಲಿಂಡನ್ ಜಾನ್ಸನ್.

ಜಾನ್ಸನ್ ಹುಟ್ಟಿದ್ದು 1908ರ ಆಗಸ್ಟ್ 27ರಂದು, ಟೆಕ್ಸಾಸ್ ರಾಜ್ಯದ ಸ್ಟೋನ್‌ವಾಲ್ ಬಳಿಯ ಹಳ್ಳಿಗಾಡಿನಲ್ಲಿ. ತಂದೆ ರಾಜ್ಯದ ಶಾಸಕರಾಗಿದ್ದರೂ ಸಾಲದಲ್ಲಿ ಮುಳುಗಿದವರು. ಓದಿನ ಖರ್ಚಿಗಾಗಿ ಲಿಂಡನ್ 1928ರಲ್ಲಿ ಕೊಟುಲ್ಲಾ ಎಂಬ ಊರಿನ ಶಾಲೆಯಲ್ಲಿ ಮೇಷ್ಟ್ರಾದರು. ಅಲ್ಲಿನ ಮಕ್ಕಳು ಮೆಕ್ಸಿಕನ್ ಮೂಲದ ಬಡವರು. ಎಷ್ಟೋ ದಿನ ಹೊಟ್ಟೆಗಿಲ್ಲದೆ ಬರುತ್ತಿದ್ದರು. ಆ ಮುಖಗಳು ಅವರ ಮನಸ್ಸಿನಿಂದ ಕೊನೆಯವರೆಗೂ ಮರೆಯಾಗಲಿಲ್ಲ.

1934ರಲ್ಲಿ ಕ್ಲಾಡಿಯಾ ಟೇಲರ್ ಅವರನ್ನು ಮದುವೆಯಾದರು. ಮಗುವಾಗಿದ್ದಾಗ ನೋಡಿಕೊಳ್ಳುತ್ತಿದ್ದ ದಾದಿ ಪ್ರೀತಿಯಿಂದ ಇಟ್ಟ ಲೇಡಿ ಬರ್ಡ್ ಎಂಬ ಹೆಸರೇ ಆಕೆಗೆ ಉಳಿಯಿತು. ಐದನೆಯ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡಿದ್ದ, ಮಾತಿಗೆ ಬಹಳ ಸಂಕೋಚಪಡುತ್ತಿದ್ದ ಹೆಣ್ಣುಮಗಳು. ಆದರೂ 1937ರಲ್ಲಿ ಗಂಡ ಸಂಸತ್ತಿಗೆ ಸ್ಪರ್ಧಿಸಿದಾಗ ತಾಯಿಯ ಆಸ್ತಿಯಿಂದ ತನಗೆ ಬರಬೇಕಿದ್ದ ಪಾಲಿನ ಭರವಸೆಯ ಮೇಲೆ 10,000 ಡಾಲರ್ ಒದಗಿಸಿದವರು ಆಕೆಯೇ. 1948ರಲ್ಲಿ ಜಾನ್ಸನ್ ತಮ್ಮ ಪಕ್ಷದ ಒಳಚುನಾವಣೆಯಲ್ಲಿ ಬರೇ 87 ಮತಗಳಿಂದ ಗೆದ್ದು ಸೆನೆಟ್ ಸೇರಿದರು. ಅಕ್ರಮದ ಆರೋಪ ಆ ಗೆಲುವಿಗೆ ಅಂಟಿಕೊಂಡೇ ಇತ್ತು. 1955ರ ಹೊತ್ತಿಗೆ ಅವರು ಸೆನೆಟ್ಟಿನ ಬಹುಮತದ ನಾಯಕ.

1960ರಲ್ಲಿ ಅಧ್ಯಕ್ಷ ಸ್ಥಾನದ ಮೇಲೆ ಅವರಿಗೂ ಆಸೆಯಿತ್ತು. ಲಾಸ್ ಏಂಜಲೀಸ್‌ನಲ್ಲಿ ನಡೆದ ಪಕ್ಷದ ಸಮಾವೇಶದಲ್ಲಿ ಯುವಕ ಜಾನ್ ಕೆನಡಿ ಅವರನ್ನು ಸೋಲಿಸಿದರು. ಮರುದಿನವೇ ಸೋತವರನ್ನೇ ಜೊತೆಗೆ ಕರೆದರು! ಕಾರ್ಮಿಕ ಮುಖಂಡರು ಸಿಟ್ಟಾದರು. ಕೆನಡಿಯವರ ತಮ್ಮ ರಾಬರ್ಟ್ ಹೋಟೆಲಿನ ಕೋಣೆಗೇ ಹೋಗಿ ಜಾನ್ಸನ್ ಹಿಂದೆ ಸರಿಯುವಂತೆ ಹೇಳಿನೋಡಿದರು. ಜಾನ್ಸನ್ ಸರಿಯಲಿಲ್ಲ.

ಲೆಕ್ಕಾಚಾರ ಸರಳ. ಕೆನಡಿ ಉತ್ತರದ ಮ್ಯಾಸಚೂಸೆಟ್ಸ್‌ನವರು, ಕ್ಯಾಥೊಲಿಕರು. ದಕ್ಷಿಣದ ಪ್ರೊಟೆಸ್ಟೆಂಟರಿಗೆ ಅವರ ಮೇಲೆ ಅನುಮಾನ. 1952ರಲ್ಲೂ 1956ರಲ್ಲೂ ಟೆಕ್ಸಾಸ್ ರಿಪಬ್ಲಿಕನ್ನರ ಕೈಹಿಡಿದಿತ್ತು. ಅದನ್ನು ಮರಳಿ ತರಲು ತಮ್ಮವರೆನಿಸುವ ಒಬ್ಬರು ಬೇಕಿತ್ತು. ಜಾನ್ಸನ್ ರೈಲಿನಲ್ಲಿ ದಕ್ಷಿಣದ ಊರೂರು ಸುತ್ತಿದರು. ಸಂಕೋಚ ಬದಿಗಿಟ್ಟು ಲೇಡಿ ಬರ್ಡ್ ಕೂಡ ವೇದಿಕೆ ಏರಿದರು. ಆ ಅಕ್ಟೋಬರ್‌ನಲ್ಲೇ ತಂದೆ ತೀರಿಕೊಂಡರೂ ಪ್ರಚಾರಕ್ಕೆ ಮರಳಿದರು.

ಮತದಾನಕ್ಕೆ ನಾಲ್ಕು ದಿನ ಮೊದಲು, ನವೆಂಬರ್ 4ರಂದು, ಡಲ್ಲಾಸ್ ನಗರದ ಅಡಾಲ್ಫಸ್ ಹೋಟೆಲಿನ ಎದುರು ವಿರೋಧಿಗಳ ಗುಂಪು ದಂಪತಿಯನ್ನು ಮುತ್ತಿತು. ಅವರಲ್ಲಿ ಹೆಚ್ಚಿನವರು ಅನುಕೂಲಸ್ಥ ಮನೆತನದ ಹೆಂಗಸರು. ಕೂಗಾಡಿದರು, ಉಗುಳಿದರು, ಲೇಡಿ ಬರ್ಡ್ ಅವರ ಕೈಗವಸು ಕಿತ್ತು ಚರಂಡಿಗೆಸೆದರು. ಸಿಟ್ಟಿನಿಂದ ಉತ್ತರ ಕೊಡಹೊರಟ ಹೆಂಡತಿಯ ಬಾಯಿಗೆ ಜಾನ್ಸನ್ ಕೈ ಅಡ್ಡ ಹಿಡಿದರು. ಪೊಲೀಸರನ್ನು ದೂರ ಸರಿಸಿ, ಕ್ಯಾಮೆರಾಗಳ ಮುಂದೆ ನಿಧಾನವಾಗಿ ನಡೆದರು. ಕೆಲವೇ ನಿಮಿಷದ ದಾರಿಗೆ ಸುಮಾರು ಅರ್ಧ ಗಂಟೆ ಹಿಡಿಯಿತು. ಆ ಚಿತ್ರ ನೋಡಿದ ದಕ್ಷಿಣದವರಿಗೆ ಒಬ್ಬ ಹೆಣ್ಣುಮಗಳಿಗಾದ ಅವಮಾನ ಸಹಿಸಲಾಗಲಿಲ್ಲ. ಅಲ್ಲಿಯವರೆಗೆ ದೂರ ಉಳಿದಿದ್ದ ಜಾರ್ಜಿಯಾದ ಹಿರಿಯ ಸೆನೆಟರ್ ರಿಚರ್ಡ್ ರಸೆಲ್ ಪ್ರಚಾರಕ್ಕೆ ಇಳಿದರು.

ಸುಮಾರು 23 ಲಕ್ಷ ಮತ ಬಿದ್ದ ಟೆಕ್ಸಾಸ್‌ನಲ್ಲಿ ಕೆನಡಿ ಗೆದ್ದದ್ದು ಸುಮಾರು 46,000 ಮತಗಳ ಅಂತರದಿಂದ. ನಿಜ ಹೇಳಬೇಕೆಂದರೆ ಟೆಕ್ಸಾಸ್‌ನ 24 ಎಲೆಕ್ಟೋರಲ್ ಮತ ಕಳೆದರೂ ಅವರಿಗೆ 279 ಉಳಿಯುತ್ತಿತ್ತು, ಬೇಕಿದ್ದದ್ದು 269. ಆದರೆ ಟೆಕ್ಸಾಸ್ ಜೊತೆಗೆ ದಕ್ಷಿಣದ ಇನ್ನೊಂದೆರಡು ರಾಜ್ಯ ಕೈತಪ್ಪಿದ್ದರೆ ಚರಿತ್ರೆಯೇ ಬೇರೆ. ಸಾಮಾನ್ಯವಾಗಿ ಮತದಾರರು ನೋಡುವುದು ಮೊದಲನೆಯ ಹೆಸರನ್ನೇ. ಎರಡನೆಯ ಹೆಸರಿಗೆ ಬೆಲೆ ಬರುವುದು ಸ್ಪರ್ಧೆ ಕೂದಲೆಳೆಯಷ್ಟಾದಾಗ.

ಗೆದ್ದ ಮೇಲೆ ಜಾನ್ಸನ್‌ಗೆ ಕೆಲಸವೇ ಇಲ್ಲದಂತಾಯಿತು. 1961ರ ಮೇ ತಿಂಗಳಲ್ಲಿ ದಿಲ್ಲಿಗೂ ಬಂದು ನೆಹರೂ ಅವರನ್ನು ಭೇಟಿಯಾದರು. ಸ್ವದೇಶದಲ್ಲಿ ಮಾತ್ರ ಅವರ ಮಾತಿಗೆ ತೂಕ ಕಡಿಮೆ.

1963ರ ನವೆಂಬರ್ 22. ಅದೇ ಡಲ್ಲಾಸ್‌ನಲ್ಲಿ ಕೆನಡಿಯವರ ಹತ್ಯೆಯಾಯಿತು. ವಿಮಾನದೊಳಗೇ ಜಾನ್ಸನ್ ಪ್ರಮಾಣ ಸ್ವೀಕರಿಸಿದರು. ಒಂದು ಪಕ್ಕ ಲೇಡಿ ಬರ್ಡ್, ಇನ್ನೊಂದು ಪಕ್ಕ ರಕ್ತದ ಕಲೆಯ ಉಡುಪಿನಲ್ಲೇ ನಿಂತ ಜಾಕ್ವೆಲಿನ್. ಪ್ರಮಾಣವಚನ ಬೋಧಿಸಿದವರು ನ್ಯಾಯಾಧೀಶೆ ಸಾರಾ ಹ್ಯೂಸ್. ಅಮೆರಿಕದ ಅಧ್ಯಕ್ಷರಿಗೆ ಪ್ರಮಾಣ ಬೋಧಿಸಿದ ಮಹಿಳೆ ಇಂದಿಗೂ ಅವರೊಬ್ಬರೇ.

ದಕ್ಷಿಣದ ಮತಕ್ಕೆಂದು ಆರಿಸಿ ತಂದ ಮನುಷ್ಯ ದಕ್ಷಿಣಕ್ಕೆ ಇಷ್ಟವಿಲ್ಲದ ಕೆಲಸವನ್ನೇ ಮಾಡಿದರು. 1964ರ ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. ಬಣ್ಣದ ಆಧಾರದ ಮೇಲೆ ಮಾತ್ರವಲ್ಲ, ಹೆಣ್ಣೆಂಬ ಕಾರಣಕ್ಕೆ ಉದ್ಯೋಗದಲ್ಲಿ ಭೇದ ಮಾಡುವುದನ್ನೂ ಅದು ನಿಷೇಧಿಸಿತು. ದಕ್ಷಿಣ ಕುದಿಯಿತು. ಆಗ ಆ ರಾಜ್ಯಗಳಿಗೆ ಹೋದವರು ಲೇಡಿ ಬರ್ಡ್. ಅಕ್ಟೋಬರ್‌ನಲ್ಲಿ ನಾಲ್ಕು ದಿನ, ಎಂಟು ರಾಜ್ಯ, 1,628 ಮೈಲಿ ರೈಲು ಪ್ರಯಾಣ. ಗಂಡನ ಕೈಹಿಡಿದಲ್ಲ, ತಾವೇ ಮುಂದಾಗಿ. ಕೂಗಿ ಅಡ್ಡಿಪಡಿಸಿದವರಿಗೆ ಸಭ್ಯವಾಗಿಯೇ ಉತ್ತರಿಸಿದರು. ಜಾನ್ಸನ್ 44 ರಾಜ್ಯಗಳನ್ನು ಗೆದ್ದರು. ದಕ್ಷಿಣದ ಐದು ರಾಜ್ಯಗಳು ಕೈಬಿಟ್ಟವು.

ಮರುವರ್ಷ ಕರಿಯರ ಮತದಾನದ ಹಕ್ಕಿನ ಕಾಯ್ದೆ ಬಂತು. ಆದರೆ ಅವರ ಬಾಳೆಲ್ಲ ಬೆಳಕೇ ಆಗಿರಲಿಲ್ಲ. ವಿಯೆಟ್ನಾಂ ಯುದ್ಧ ಸಾವಿರಾರು ಮನೆಗಳ ದೀಪ ಆರಿಸಿತು. ನಮ್ಮ ದೇಶದ ಬರಗಾಲದ ವರ್ಷಗಳಲ್ಲಿ ಪಿ.ಎಲ್. 480 ಗೋಧಿಯನ್ನು ಅಳೆದೂ ಸುರಿದೂ ಕಳಿಸಿದ್ದು ಇದೇ ಜಾನ್ಸನ್. ಆ ಗೋಧಿಗಾಗಿ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರು ನಮ್ಮ ಮನೆಗಳಲ್ಲಿ ಈಗಲೂ ಇರಬಹುದು. 1968ರಲ್ಲಿ ಮರುಸ್ಪರ್ಧೆ ಕೈಬಿಟ್ಟರು. 1973ರ ಜನವರಿ 22ರಂದು ತಮ್ಮ ತೋಟದ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು.

1960ರಲ್ಲಿ ಟೆಕ್ಸಾಸ್‌ನ ಜನ ಮತ ಹಾಕಿದ್ದು ತಮ್ಮೂರಿನವನೆಂಬ ಅಭಿಮಾನಕ್ಕೋ, ಅವಮಾನಿತಳಾದ ಹೆಣ್ಣುಮಗಳ ಮೇಲಿನ ಮರುಕಕ್ಕೋ ಇರಬಹುದು. ಅವರಿಗೇ ಗೊತ್ತಿಲ್ಲದಂತೆ ಮೂರು ವರ್ಷದ ನಂತರದ ಅಧ್ಯಕ್ಷರನ್ನೂ ಆ ದಿನವೇ ಆರಿಸಿದ್ದರು. ಆದ್ದರಿಂದ ಮುಂದಿನ ಸಲ ಅಲ್ಲಿರುವ ಮಗಳು ಫೋನಿನಲ್ಲಿ ಚುನಾವಣೆಯ ಸುದ್ದಿ ಹೇಳಿದಾಗ, ಎರಡನೆಯ ಹೆಸರು ಯಾರದೆಂದೂ ಒಮ್ಮೆ ಕೇಳೋಣ.